ಮುದುಕಿಗೆ ಗಂಟೆ ಹೇಳಬೇಡಿ

ಒಂದಾನೊಂದು ಊರಿನಲ್ಲಿ ಒಂದು ಮನೆಯಿತ್ತಂತೆ. ಆ ಮನೆಯೊಳಗೆ ಇನ್ನೂ ನಾಲ್ಕು ಮನೆಗಳಿದ್ದವಂತೆ. ಆ ನಾಲ್ಕಕ್ಕೂ ಗೋಡೆಯಿಲ್ಲ, ಸೂರಿಲ್ಲ, ಹೊಸ್ತಿಲಿಲ್ಲ. ಆದರೂ ಒಂದು ಮನೆಯವರಿಗೆ ಇನ್ನೊಂದು ಮನೆಯವರ ಸುಳಿವೇ ಇರಲಿಲ್ಲವಂತೆ. ನಾಲ್ಕು ಮನೆಗೂ ಕಣಜ ಮಾತ್ರ ಒಂದೇ. ಅದರಿಂದ ಎಲ್ಲರಿಗೂ ಅಳೆದು ಹಾಕುವವಳು ಒಬ್ಬಳೇ ಹುಡುಗಿ. ಒಂದು ದಿನ ಅವಳ ಅಳತೆ ತಪ್ಪಿತು.

ಬರೀ ಕಥೆಯಾಗಿದ್ದರೆ ಇಲ್ಲಿಗೆ ನಿಲ್ಲಿಸಿ, ಕೇಳುವವರು ಹೂಂಗುಟ್ಟಲಿ ಎಂದು ಕಾಯಬಹುದಿತ್ತು. ಆದರೆ ಆ ದೊಡ್ಡ ಮನೆ ನಿಜಕ್ಕೂ ಇತ್ತು. ಮೊಣಕಾಲೆತ್ತರದ ಕಬ್ಬಿಣದ ಪೆಟ್ಟಿಗೆ ಅದು. ಊರಿನ ಅಡಿಯಲ್ಲಿರುವ ನೀರಿನ ಸುರಂಗಗಳನ್ನು ನೋಡಿಕೊಳ್ಳುವ ಕಚೇರಿಯ ಹಿಂದಿನ ಕೋಣೆಯಲ್ಲಿ, ಕಾಲು ಮುರಿದ ಕುರ್ಚಿಗಳ ಪಕ್ಕದಲ್ಲಿ, ಹಗಲೂ ರಾತ್ರಿ ಗುಂಯ್ ಎನ್ನುತ್ತ ಕೂತಿರುತ್ತಿತ್ತು. ಹೊರಗಿನಿಂದ ನೋಡಿದರೆ ಒಂದೇ ಕಂಪ್ಯೂಟರು. ಒಳಗೆ ಮಾತ್ರ ನಾಲ್ಕು ಕಂಪ್ಯೂಟರುಗಳು, ತಾವು ಯಾರ ಹಂಗಿನಲ್ಲೂ ಇಲ್ಲವೆಂದುಕೊಂಡು ಬದುಕಿದ್ದವು. ಬಲ್ಲವರು ಅವನ್ನು ವರ್ಚುವಲ್ ಮಷೀನು ಎನ್ನುತ್ತಾರೆ. ಕಣಜವೆಂದರೆ ಆ ಪೆಟ್ಟಿಗೆಯ ಮೆಮೊರಿ. ಯಾರ ಪಾಲಿಗೆ ಎಷ್ಟು ಎಂದು ಪರದೆಯ ಮೇಲೆ ಅಂಕಿ ಹಾಕಿ ಹಂಚುವವಳನ್ನು ಕಚೇರಿಯವರೆಲ್ಲ ಪೆಟ್ಟಿಗೆ ಹುಡುಗಿ ಎಂದೇ ಕರೆಯುತ್ತಿದ್ದರು.

ಅಜ್ಜಿಯ ತೊಡೆಯ ಮೇಲೆ ಕಥೆ ಕೇಳುತ್ತ ಬೆಳೆದವಳು ಪೆಟ್ಟಿಗೆ ಹುಡುಗಿ. ಹೆಸರಿಲ್ಲದ್ದನ್ನು ಸಾಕುವುದು ಅವಳಿಗೆ ಬಾರದು. ಕಾಗದಪತ್ರ ಇಟ್ಟುಕೊಳ್ಳುವ ಎರಡು ಮಷೀನುಗಳಿಗೆ ಅವಳಿ ಎಂದಳು. ಎಲ್ಲಕ್ಕಿಂತ ಹಳೆಯದಕ್ಕೆ ಮುದುಕಿ ಎಂದಳು. ಹೋದ ವಾರ ಬಂದು ಸೇರಿದ್ದಕ್ಕೆ ಹೊಸ ಅಳಿಯ ಎಂದಳು.

ಹೊಸ ಅಳಿಯನ ಕೆಲಸ ಸುರಂಗಗಳ ಬಣ್ಣಬಣ್ಣದ ಚಿತ್ರ ಬಿಡಿಸುವುದು. ಮಾರನೆಯ ದಿನ ದೊಡ್ಡ ದೊಡ್ಡವರು ಕಚೇರಿ ನೋಡಲು ಬರುವವರಿದ್ದರು. ಅವರೆದುರು ನೀಲಿ ನೀರು ಹರಿಯುವ ಹಾಗೆ, ಸುರಂಗದೊಳಗೆ ಹಕ್ಕಿ ಹಾರಿದ ಹಾಗೆ, ಗೋಡೆ ತುಂಬ ಚಿತ್ರ ಓಡಬೇಕೆಂಬುದು ಸಾಹೇಬರ ಆಸೆ.

"ಚಿತ್ರ ತಡವರಿಸಬಾರದು ನೋಡು," ಎಂದಿದ್ದರು ಬೆಳಗ್ಗೆ. "ಎಲ್ಲಿಂದಾದ್ರೂ ತಂದು ಹಾಕು. ಬೇರೆಯವರ ಪಾಲಿಂದ ಒಂಚೂರು ಕಿತ್ತರೂ ಪರವಾಗಿಲ್ಲ."

ಹುಡುಗಿ ಮುದುಕಿಯ ಪಾಲನ್ನು ನೋಡಿದಳು. ನಾಲ್ಕು ಅಳತೆ ಕೊಟ್ಟಿದ್ದರೆ ಒಂದನ್ನೂ ಪೂರ್ತಿ ಮುಟ್ಟದೆ ತೂಕಡಿಸುತ್ತಿದ್ದಳು ಮುದುಕಿ. ವಯಸ್ಸಾದವಳಿಗೆ ಇಷ್ಟೆಲ್ಲ ಯಾಕೆ ಅನ್ನಿಸಿತು. ನಾಲ್ಕನ್ನು ಅಳಿಸಿ ಒಂದು ಎಂದು ಬರೆದಳು. ಉಳಿದದ್ದನ್ನು ಬಳಿದು ಹೊಸ ಅಳಿಯನಿಗೆ ಬಡಿಸಿದಳು. ಅವನ ಪಾಲಿನಿಂದ ಯಾರೂ ಒಂದು ಕಾಳನ್ನೂ ವಾಪಸು ಕೇಳಬಾರದೆಂದು ಒಂದು ಗುರುತನ್ನೂ ಒತ್ತಿದಳು. ಅಳಿಯ ಸಂಭ್ರಮದಿಂದ ಚಿತ್ರ ಬಿಡಿಸತೊಡಗಿದ. ಬಿಡಿಸಿದ್ದನ್ನೆಲ್ಲ ಪೆಟ್ಟಿಗೆಯ ಡಿಸ್ಕಿನಲ್ಲಿ ಕಂತೆ ಕಂತೆಯಾಗಿ ಪೇರಿಸುತ್ತ ಹೋದ.

ಮುದುಕಿಯ ಕೆಲಸ ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಊರಿನ ಅಡಿಯಲ್ಲಿ ಎರಡು ಸುರಂಗ. ಒಂದು ಪೂರ್ವದ್ದು, ಒಂದು ಪಶ್ಚಿಮದ್ದು. ಹೂಳೆತ್ತುವವರು ಊರಿನ ಬೇರೆ ಬೇರೆ ಬೀದಿಗಳಲ್ಲಿರುವ ಹನ್ನೊಂದು ಬಾಯಿಗಳಿಂದ ಕೆಳಗಿಳಿಯುತ್ತಿದ್ದರು. ಬಾಯಿಯೆಂದರೆ ತಗಡಿನ ಒಂದು ಗೂಡು, ಅದರೊಳಗೆ ಏಣಿ, ಪಕ್ಕದಲ್ಲಿ ಕಾರ್ಡು ತೋರಿಸುವ ಒಂದು ಕಿಂಡಿ, ಒಂದು ತಂತಿಯ ಫೋನು. ಇಳಿಯುವಾಗ ಒಂದು ಸಲ, ಏರಿ ಬಂದಾಗ ಒಂದು ಸಲ ಕಾರ್ಡು ತೋರಿಸಬೇಕು. ಯಾರು ಯಾವ ಸುರಂಗದಲ್ಲಿದ್ದಾರೆಂದು ಮುದುಕಿ ನೆನಪಿಟ್ಟುಕೊಳ್ಳುತ್ತಾಳೆ. ಪಾಳಿ ಮುಗಿಯುವುದಕ್ಕೆ ಕಾಲು ಗಂಟೆ ಇದೆ ಎನ್ನುವಾಗ, ಎರಡೂ ಮುಕ್ಕಾಲಿಗೆ, ಸುರಂಗದ ದೀಪಗಳನ್ನು ಮಿಣುಕಿಸಿ ಎಲ್ಲರನ್ನೂ ಮೇಲೆ ಕರೆಯುತ್ತಾಳೆ. ಕೆಳಗೆ ಮೊಬೈಲು ಸತ್ತ ಹಾಗೆ. ಕೈಗಡಿಯಾರ ಒದ್ದೆ ಕೆಸರಿನಲ್ಲಿ ಎರಡು ದಿನವೂ ಬಾಳದು. ಅವರಿಗೆ ಮುದುಕಿಯ ದೀಪವೇ ಹೊತ್ತು.

ಇನ್ನೊಂದು ಮಾತಿದೆ. ಕೆಳಗಿಳಿದವರ ಹೆಸರನ್ನು ಅವರು ಮೇಲೆ ಬರುವವರೆಗೂ ಎಲ್ಲೂ ಬರೆಯಬಾರದು ಎಂಬುದು ಹೂಳೆತ್ತುವವರ ಹಳೆಯ ಕಟ್ಟು. ಹಿಂದೊಮ್ಮೆ ಐವರ ಹೆಸರನ್ನು ಸೀಮೆಸುಣ್ಣದಲ್ಲಿ ಬಾಗಿಲ ಮೇಲೆ ಬರೆದಿದ್ದರಂತೆ. ಆ ಐವರೂ ಮೇಲೆ ಬರಲಿಲ್ಲವಂತೆ. ಅಂದಿನಿಂದ ಬಾಯಲ್ಲಿ ಹೇಳಬೇಕು, ಮನಸ್ಸಲ್ಲಿ ಇಟ್ಟುಕೊಳ್ಳಬೇಕು, ಬರೆಯುವ ಹಾಗಿಲ್ಲ. ಇಪ್ಪತ್ತೊಂದು ವರ್ಷದ ಹಿಂದೆ ಮುದುಕಿಯನ್ನು ಮಾಡಿದ ಮೇಷ್ಟ್ರು, ಅವರೂ ಈಗ ನಿವೃತ್ತರು, ಆ ಕಟ್ಟನ್ನು ನಗದೆ ಕೇಳಿಸಿಕೊಂಡರು. ಹಾಗಾಗಿ ಮುದುಕಿ ಪಟ್ಟಿಯನ್ನು ಡಿಸ್ಕಿಗೆ ಬರೆಯುತ್ತಲೇ ಇರಲಿಲ್ಲ. ಕೊನೆಯವರು ಮೇಲೆ ಬರುವ ತನಕ ಅದು ಅವಳ ನೆನಪಿನಲ್ಲಿ ಮಾತ್ರ.

ಆ ದಿನ ಕೆಳಗಿಳಿದಿದ್ದವರು ನಾಲ್ವರು. ಅವರ ಮೇಸ್ತ್ರಿ ಹುಡುಗಿಯ ಚಿಕ್ಕಮ್ಮ. ತಾಯಿ ಇಲ್ಲದ ಮಗುವನ್ನು ಎತ್ತಿ ಆಡಿಸಿ, ಜಡೆ ಹೆಣೆದು, ಶಾಲೆಗೆ ಕಳಿಸಿ, ಈ ಕಚೇರಿಯ ಮೆಟ್ಟಿಲು ಹತ್ತಿಸಿದವಳು. ಬೆಳಗ್ಗೆ ಏಳೂವರೆಗೆ ಮೊಣಕಾಲುದ್ದದ ಬೂಟು ಹಾಕಿಕೊಳ್ಳುತ್ತ ಮಗಳನ್ನು ಚುಡಾಯಿಸಿದ್ದಳು.

"ಪುಟ್ಟೀ, ನಿನ್ನ ಅಳಿಯನಿಗೆ ಊಟ ಜೋರಂತೆ?"

"ನಮ್ಮ ಸಾಹೇಬರ ಹುಕುಂ, ಚಿಕ್ಕಮ್ಮ."

"ಬಡಿಸು, ಬಡಿಸು. ನಂಗಂತೂ ಅಳಿಯ ಇಲ್ಲ, ಪೆಟ್ಟಿಗೆಯೊಳಗಾದ್ರೂ ಒಬ್ಬ ಇರಲಿ," ಎಂದು ಗಹಗಹಿಸಿ, ಸಲಿಕೆ ಹೆಗಲಿಗೇರಿಸಿ ಹೊರಟಿದ್ದಳು.

ಮಧ್ಯಾಹ್ನ ಎರಡೂ ಮುಕ್ಕಾಲು ಕಳೆದು ಹತ್ತು ನಿಮಿಷಕ್ಕೆ ಬಾಗಿಲಮ್ಮ ಹಿಂದಿನ ಕೋಣೆಗೆ ಬಂದಳು. ಮೇಲಿನ ಜಲಾಶಯದ ನೀರನ್ನು ಸುರಂಗಕ್ಕೆ ಬಿಡುವ ಎರಡು ಕಬ್ಬಿಣದ ಬಾಗಿಲುಗಳ ಬೀಗದ ಕೈ ಅವಳ ಸೊಂಟದಲ್ಲಿರುತ್ತಿತ್ತು. ಹದಿನೆಂಟು ವರ್ಷದಿಂದ ಅವಳನ್ನು ಬೇರೆ ಹೆಸರಿನಿಂದ ಕರೆದವರಿಲ್ಲ.

"ಏ ಪೆಟ್ಟಿಗೆ ಹುಡುಗೀ, ನಿನ್ನ ಮುದುಕಿ ಇವತ್ತು ದೀಪ ಹಾಕ್ಲಿಲ್ಲ ಕಣೇ."

"ಹಾಕಿರ್ತಾಳೆ ಬಾಗಿಲಮ್ಮ. ಅವಳು ಯಾವತ್ತು ಮರೆತಿದ್ದಾಳೆ?"

"ಮರೆತಿಲ್ಲ ಅಂತಾನೇ ಬಂದೆ. ಸುರಂಗದ ದೀಪ ತೋರಿಸೋ ನನ್ನ ಹಲಗೆ ಮೇಲೆ ಒಂದು ಮಿಣುಕೂ ಇಲ್ಲ. ಯಾರೂ ಮೇಲೆ ಬಂದೂ ಇಲ್ಲ."

ಹುಡುಗಿ ಪರದೆಯನ್ನು ಮುದುಕಿಯ ಕಡೆಗೆ ತಿರುಗಿಸಿದಳು. ಮುದುಕಿಯ ಮುಖ ಎಂದಿನಂತೆಯೇ ಇತ್ತು: ಕಪ್ಪು ಹಲಗೆ, ಹಸಿರು ಅಕ್ಷರ, ಮೂಲೆಯಲ್ಲಿ ಗಡಿಯಾರ. ಗಡಿಯಾರದಲ್ಲಿ ಒಂದು ಐವತ್ತೆರಡು. ಹುಡುಗಿ ಒಂದು ನಿಮಿಷ ನೋಡಿದಳು. ಗೋಡೆಯ ಗಡಿಯಾರ ಮುಂದಕ್ಕೆ ಹೋಯಿತು. ಮುದುಕಿಯದು ಹೋಗಲಿಲ್ಲ. ಒಂದು ಗುಂಡಿ ಒತ್ತಿದಳು. ಇನ್ನೊಂದು ಒತ್ತಿದಳು. ಹೆಪ್ಪುಗಟ್ಟಿದ ಹಾಲಿನ ಮೇಲೆ ಚಮಚ ಆಡಿಸಿದಂತೆ, ಯಾವುದೂ ಕದಲಲಿಲ್ಲ.

ಆ ಹಲಗೆಯನ್ನು ಸರಿಸಿ ನೋಡಿದರೆ, ಹಿಂದೆ ದೊಡ್ಡ ಮನೆಯ ಸ್ವಂತ ಪರದೆಯ ಮೇಲೆ ಒಂದು ಪ್ರಶ್ನೆ ಕಾದು ಕೂತಿತ್ತು. ಒಂದು ಗಂಟೆಯಷ್ಟು ಹೊತ್ತಿನಿಂದ ಯಾರಾದರೂ ನೋಡಲಿ ಎಂದು ಕಾದಿತ್ತು.

ಜಾಗ ಸಾಲದೆ ಈ ಮಷೀನು ನಿಂತಿದೆ. ಮತ್ತೆ ಪ್ರಯತ್ನಿಸಲೇ? ನಿಲ್ಲಿಸಿಬಿಡಲೇ?

ಹುಡುಗಿಗೆ ನಡೆದದ್ದೆಲ್ಲ ಒಂದೇ ಉಸಿರಿಗೆ ತಿಳಿಯಿತು. ದಿನವೂ ಎರಡು ಗಂಟೆಯ ಹೊತ್ತಿಗೆ ಮುದುಕಿ ಎದ್ದು, ದೀಪ ಹಾಕುವುದಕ್ಕೆಂದು ಎರಡೂ ಸುರಂಗಗಳ ನಕ್ಷೆ ಬಿಚ್ಚಿಕೊಳ್ಳುತ್ತಿದ್ದಳು. ಆಗ ಅವಳಿಗೆ ನಾಲ್ಕು ಅಳತೆಯೂ ಬೇಕು. ಇವತ್ತು ಕೈಚಾಚಿದರೆ ಸಿಕ್ಕಿದ್ದು ಒಂದೇ. ಕಣಜದಲ್ಲಿ ಹಿಡಿಸದ್ದನ್ನು ದೊಡ್ಡ ಮನೆ ಡಿಸ್ಕಿನ ಮೇಲೆ ಇಳಿಸಲು ಹೋಗಿದೆ. ಡಿಸ್ಕಿನಲ್ಲಿ ಅಳಿಯನ ಚಿತ್ರಗಳು ಮಾಡಿನವರೆಗೆ ಪೇರಿವೆ. ಅರ್ಧ ಹೊರೆ ಕೈಯಲ್ಲಿ, ಅರ್ಧ ಹೊರೆ ನೆಲದಲ್ಲಿ, ಮುದುಕಿ ನಿಂತಲ್ಲೇ ಕಲ್ಲಾಗಿದ್ದಾಳೆ.

"ನಾನೇ ಮಾಡಿದ್ದು," ಎಂದಳು ಹುಡುಗಿ.

"ಯಾರು ಮಾಡಿದ್ದು ಅಂತ ಆಮೇಲೆ ಜಗಳ ಆಡೋಣ," ಎಂದಳು ಬಾಗಿಲಮ್ಮ. "ಈಗ ಅವಳನ್ನ ಎಬ್ಬಿಸು."

ಆ ಮಾತು ಮುಗಿಯುವುದರೊಳಗೆ ಮುಂದಿನ ಕೋಣೆಯಲ್ಲಿ ಫೋನು ಬಡಿದುಕೊಂಡಿತು. ಸಾಹೇಬರು ಎತ್ತಿದರು. ಮೂರು ಸಲ "ಹೂಂ" ಎಂದರು. ಫೋನು ಇಟ್ಟು ಗೋಡೆಯ ಗಡಿಯಾರ ನೋಡಿದರು.

ಊರಿನಲ್ಲಿ ಬಿಸಿಲು ಚೆನ್ನಾಗಿತ್ತು. ಕಿಟಕಿಯಾಚೆ ಒಬ್ಬಾಕೆ ಮಹಡಿಯ ಮೇಲೆ ಹಾಸಿಗೆ ಹೊದಿಕೆ ಕೊಡವುತ್ತಿದ್ದಳು. ಶಾಲೆಯ ಮಕ್ಕಳು ಬೀದಿಯಲ್ಲಿ ಸಾಲಾಗಿ ಹೋಗುತ್ತಿದ್ದರು. ಆದರೆ ಮೇಲೆ ಬೆಟ್ಟದಲ್ಲಿ ಬೆಳಗಿನಿಂದ ಮಳೆ ಹುಯ್ದಿದೆ, ಜಲಾಶಯ ನಾಲ್ಕು ಗಂಟೆಗೆ ಅಂಚು ಮುಟ್ಟುತ್ತದೆ ಎಂದು ಅಲ್ಲಿನವರು ಹೇಳಿದರಂತೆ. ನಾಲ್ಕಕ್ಕೆ ಒಂದು ಸುರಂಗದ ಬಾಗಿಲು ಎತ್ತಲೇಬೇಕು. ಎತ್ತದಿದ್ದರೆ ಕಟ್ಟೆ ತಡೆಯುವುದಿಲ್ಲ. ಕೆಳಗಿನ ಬೀದಿಗಳು ತಡೆಯುವುದಂತೂ ದೂರದ ಮಾತು.

ಸಾಹೇಬರು ಕೆಟ್ಟವರಲ್ಲ. ಹೆದರಿಕೆಯಾದಾಗ ಅವರ ಕೈಗೆ ಏನಾದರೂ ಕೆಲಸ ಬೇಕು, ಅಷ್ಟೇ. ಗೋಡೆಯ ಮೇಲಿನ ಪಾಳಿಯ ಕಾಗದ ಕಿತ್ತುಕೊಂಡು ಬಂದರು.

"ಕಾಗದದಲ್ಲಿ ಪಶ್ಚಿಮ ಅಂತಿದೆ. ನಾಲ್ವರೂ ಪಶ್ಚಿಮದಲ್ಲಿ. ಅಂದ್ರೆ ಪೂರ್ವ ಖಾಲಿ. ಪೂರ್ವದ ಬಾಗಿಲು ಎತ್ತಿದ್ರೆ ಆಯ್ತು."

"ಕಾಗದ ಬೆಳಗ್ಗೇದು ಸಾರ್," ಎಂದಳು ಬಾಗಿಲಮ್ಮ. "ಸುರಂಗದಲ್ಲಿ ಕೆಲಸ ಎಲ್ಲಿ ಕರೀತದೋ ಅಲ್ಲಿ ಹೋಗ್ತಾರೆ. ಮುದುಕಿ ಬಾಯಿಂದ ಕೇಳದೆ ನಾನು ಹದಿನೆಂಟು ವರ್ಷದಲ್ಲಿ ಒಂದು ಸಲಾನೂ ಎತ್ತಿಲ್ಲ."

"ಮುದುಕಿ ಬಾಯಿ ಬಿಡ್ತಿಲ್ಲವಲ್ಲಮ್ಮ!"

ಬಾಗಿಲಮ್ಮ ಹುಡುಗಿಯ ಕಡೆ ತಿರುಗಿದಳು. "ನಂಗೆ ಒಂದು ಸೊನ್ನೆ ಬೇಕು. ಪೂರ್ವದ್ದಾಗಲಿ, ಪಶ್ಚಿಮದ್ದಾಗಲಿ. ಯಾವ ಕಡೆ ಒಬ್ಬರೂ ಇಲ್ಲವೋ ಆ ಕಡೆಯ ಸೊನ್ನೆ. ನಾಲ್ಕರೊಳಗೆ ತಂದುಕೊಡ್ತೀಯಾ?"

"ತಂದುಕೊಡ್ತೀನಿ."

"ಮಾತು?"

"ಮಾತು."

ಕೊಟ್ಟ ಮೇಲೆ ಹುಡುಗಿಗೆ ಅಜ್ಜಿಯ ಕಥೆಗಳು ನೆನಪಾದವು. ಏಳು ಸಮುದ್ರದಾಚೆಯ ಹೂವು ತರುತ್ತೇನೆಂದು ಹೊರಟವರಿಗಾದರೂ ಕುದುರೆಯೆಂಬುದೊಂದು ಇರುತ್ತಿತ್ತು.

ಸಾಹೇಬರು ಹನ್ನೊಂದು ಬಾಯಿಗಳಿಗೂ ಒಂದೊಂದಾಗಿ ಫೋನು ಹಚ್ಚಿದರು. ಬೇರೆ ಬೇರೆ ಬೀದಿಗಳ ತಗಡಿನ ಗೂಡುಗಳಲ್ಲಿ, ಯಾರೂ ಇಲ್ಲದ ಕಡೆ, ಗಂಟೆಗಳು ಹೊಡೆದುಕೊಂಡವು. ಓಡಿಹೋಗಿ ಕೂಗಿ ಕರೆಯೋಣವೆಂದರೆ ಕಚೇರಿಯ ಗಾಡಿ ನಾಳೆಯ ಅತಿಥಿಗಳಿಗೆ ಕುರ್ಚಿ ತರಲು ಹೋಗಿತ್ತು. ಹನ್ನೊಂದು ಬಾಯಿ ಸುತ್ತಿ ಬರಲು ಮೂರು ಗಂಟೆ ಬೇಕು. ಉಳಿದದ್ದು ಒಂದೇ ಗಂಟೆ.

ಫೋನು ಇಟ್ಟು ಬಂದವರೇ ಸಾಹೇಬರು ಪರದೆಯ ಮುಂದೆ ಬಗ್ಗಿದರು. "ಇದಕ್ಕೆಲ್ಲ ಇಷ್ಟು ತಲೆ ಯಾಕೆ? ಆಫ್ ಮಾಡಿ ಆನ್ ಮಾಡು. ನಮ್ಮನೆ ಟೀವಿ ಹಾಗೇ ಸರಿಹೋಗುತ್ತೆ." ಅವರ ಬೆರಳು ಆಗಲೇ ನಿಲ್ಲಿಸಿಬಿಡಲೇ ಎಂಬುದರ ಹತ್ತಿರ ಹೋಗಿತ್ತು.

"ಮುಟ್ಟಬೇಡಿ!"

ಹುಡುಗಿ ಅವರ ಕೈಯನ್ನೇ ಹಿಡಿದುಬಿಟ್ಟಿದ್ದಳು. ಇಬ್ಬರೂ ಗಾಬರಿಯಾದರು. ಅವಳು ಕೈ ಬಿಟ್ಟು, "ಮೇಷ್ಟ್ರನ್ನ ಒಂದ್ಸಲ ಕೇಳ್ತೀನಿ ಸಾರ್, ಒಂದೇ ಸಲ," ಎಂದಳು.

ಮೇಷ್ಟ್ರಿಗೆ ಕಿವಿ ಮಂದ. ಫೋನು ಎತ್ತುವುದು ಅವರ ಹೆಂಡತಿ.

"ಅಮ್ಮಾ, ಸುರಂಗದ ಕಚೇರಿಯಿಂದ. ಮುದುಕಿ ನಿಂತುಬಿಟ್ಟಿದ್ದಾಳೆ. ಜಾಗ ಸಾಲದೆ. ಕೆಳಗೆ ಜನ ಇದ್ದಾರೆ."

"ರೀ! ನಿಮ್ಮ ಸುರಂಗದ ಮುದುಕಿ ನಿಂತ್ಲಂತೆ!" ಎಂದು ಆಕೆ ಕೂಗಿದರು. ಆಚೆಯಿಂದ ಏನೋ ಗೊಣಗಿದ ಸದ್ದು. "ಸತ್ತಿದ್ದಾಳೋ, ಉಸಿರು ಹಿಡಿದಿದ್ದಾಳೋ ಅಂತ ಕೇಳ್ತಾರೆ."

"ಉಸಿರು ಹಿಡಿದಿದ್ದಾಳೆ. ಮತ್ತೆ ಪ್ರಯತ್ನಿಸಲೇ, ನಿಲ್ಲಿಸಲೇ ಅಂತ ಕೇಳ್ತಿದೆ."

ಆಕೆ ಅದನ್ನೂ ಕೂಗಿ ಹೇಳಿದರು. ಈ ಸಲ ಗೊಣಗಾಟ ಉದ್ದಕ್ಕೆ ಬಂತು. ಆಕೆಯ ದನಿಯಲ್ಲಿದ್ದ ಗಡಿಬಿಡಿ ಇಳಿದು, ಮಾತು ಒಂದೊಂದಾಗಿ ಬಿತ್ತು.

"ನಿಲ್ಲಿಸಬಾರದಂತೆ ಮಗಾ. ನಿಲ್ಲಿಸಿ ಎಬ್ಬಿಸಿದ್ರೆ ಹೊಸದಾಗಿ ಏಳ್ತಾಳಂತೆ. ಪಟ್ಟಿ ಖಾಲಿ ಇರುತ್ತಂತೆ. ಕೇಳಿದ್ರೆ ಎರಡೂ ಕಡೆ ಸೊನ್ನೆ ಅಂತಾಳಂತೆ."

ಸಾಹೇಬರ ಬೆರಳು ಒಂದು ಗೇಣು ಮುಂದೆ ಹೋಗಿದ್ದರೆ, ಬಾಗಿಲಮ್ಮನಿಗೆ ಬೇಕಾದದ್ದು ತಕ್ಷಣ ಸಿಗುತ್ತಿತ್ತು. ಒಂದಲ್ಲ, ಎರಡು. ಎರಡೂ ಸುಳ್ಳು.

"ಮೊದಲು ಜಾಗ ಮಾಡು ಅಂತಾರೆ. ಅವಳ ಪಾಲು ಅವಳಿಗೆ ವಾಪಸು ಹಾಕು ಅಂತಾರೆ. ಆಮೇಲೆ ಮತ್ತೆ ಪ್ರಯತ್ನಿಸು ಒತ್ತು ಅಂತಾರೆ. ಇರು, ಇರು, ಇನ್ನೇನೋ ಹೇಳ್ತಿದ್ದಾರೆ. ಏನ್ರೀ? ಗಂಟೇನಾ? ಮಗಾ, ಗಂಟೆ ಹೇಳಬಾರದಂತೆ."

"ಯಾರಿಗೆ?"

"ಮುದುಕಿಗೆ. ದೊಡ್ಡ ಪೆಟ್ಟಿಗೆ ಅವಳಿಗೆ ಆಗಾಗ ಗಂಟೆ ಹೇಳಿಕೊಡುತ್ತಂತಲ್ಲ, ಅದನ್ನ ಮೊದಲು ನಿಲ್ಲಿಸಬೇಕಂತೆ. ಎದ್ದ ತಕ್ಷಣ ಇಷ್ಟು ಹೊತ್ತಾಯ್ತು ಅಂತ ಗೊತ್ತಾದ್ರೆ, ಕರೆಂಟು ಹೋಗಿ ಪಾಳಿ ಮುಗಿದುಹೋಯ್ತು ಅಂದ್ಕೊಂಡು ಪಟ್ಟಿ ಅಳಿಸಿಬಿಡ್ತಾಳಂತೆ. ಅವಳು ಮಲಗಿದ್ದೇ ಇಲ್ಲ ಅಂತ ಅವಳು ನಂಬಬೇಕಂತೆ." "ನಂಗೇನೂ ಅರ್ಥ ಆಗ್ಲಿಲ್ಲ ತಾಯಿ. ಇವರ ಕಣ್ಣಲ್ಲಿ ನೀರು ಬಂದಿದೆ. ಬೇಗ ಮಾಡು."

ಮೂರು ಹದಿನೇಳು.

ಹುಡುಗಿ ಹೊಸ ಅಳಿಯನ ಕಡೆ ಹೋದಳು. ಅವನನ್ನು ಮರ್ಯಾದೆಯಿಂದ ಏಳಿಸಿ ಕಳಿಸಲು ಹೊತ್ತಿಲ್ಲ. ಅವನ ಕರೆಂಟನ್ನೇ ಕಿತ್ತಳು. ಮುಂದಿನ ಕೋಣೆಯ ಗೋಡೆಯ ಮೇಲೆ ಹರಿಯುತ್ತಿದ್ದ ನೀಲಿ ನೀರು ಫಕ್ಕನೆ ಆರಿ, ಬರೀ ಸುಣ್ಣದ ಗೋಡೆ ಉಳಿಯಿತು.

"ಅಯ್ಯೋ, ನಾಳೆ ಬರೋರಿಗೆ ಏನು ತೋರಿಸಲಿ?" ಎಂದರು ಸಾಹೇಬರು, ಬಾಯಿತಪ್ಪಿ.

"ಗೋಡೆ ತೋರ್ಸಿ ಸಾರ್," ಎಂದಳು ಬಾಗಿಲಮ್ಮ. "ಅದಾದ್ರೂ ಉಳಿದಿದ್ರೆ."

ಕಣಜ ತೆರವಾಯಿತು. ಡಿಸ್ಕು ಇನ್ನೂ ತುಂಬಿಯೇ ಇತ್ತು. ಅಳಿಯ ಪೇರಿಸಿದ ಚಿತ್ರದ ಕಂತೆಗಳನ್ನು ಹುಡುಗಿ ಅಳಿಸುತ್ತ ಹೋದಳು. ಒಂದೊಂದಕ್ಕೂ ಪೆಟ್ಟಿಗೆ, ನಿಜವಾಗಿಯೂ ಅಳಿಸಲೇ ಎಂದು ಕೇಳುತ್ತಿತ್ತು. ಹೌದು. ಹೌದು. ಹೌದು. ಏಳನೆಯ ಕಂತೆಯ ಹತ್ತಿರ ಅವಳ ಬೆರಳು ನಿಂತಿತು. ಅದರ ಪಕ್ಕದಲ್ಲೇ, ಅದರಂತೆಯೇ ಉದ್ದ ಹೆಸರಿನ ಇನ್ನೊಂದು ಕಡತವಿತ್ತು. ಅದು ಚಿತ್ರವಲ್ಲ. ಕಣಜದಿಂದ ಕೆಳಗಿಳಿದ ಮುದುಕಿಯ ಅರ್ಧ ನೆನಪು. ಹೌದು ಹೌದು ಎಂದು ಒಂದು ಸಲ ಹೆಚ್ಚಿಗೆ ಒತ್ತಿದ್ದರೆ ಅದೂ ಹೋಗುತ್ತಿತ್ತು. ಹುಡುಗಿ ಹೆಸರನ್ನು ಅಕ್ಷರ ಅಕ್ಷರ ಓದಿ, ಮುಂದೆ ಹೋದಳು.

ಮೂರು ಇಪ್ಪತ್ತೊಂಬತ್ತು. ಮುದುಕಿಯ ಪಾಲಿನಲ್ಲಿದ್ದ ಒಂದನ್ನು ಅಳಿಸಿ ನಾಲ್ಕು ಬರೆದಳು. ಗಂಟೆ ಹೇಳಿಕೊಡುವ ಗುರುತನ್ನು ಹುಡುಕಿದಳು. ಅದು ಇರಬೇಕಾದಲ್ಲಿ ಇರಲಿಲ್ಲ. ಪುಟದಿಂದ ಪುಟಕ್ಕೆ ಹೋದಳು. ಮುಂದಿನ ಕೋಣೆಯಲ್ಲಿ ಜಲಾಶಯದವರ ಫೋನು ಮತ್ತೆ ಬಡಿದುಕೊಂಡಿತು. ಸಾಹೇಬರು ಎತ್ತಿ, "ಗೊತ್ತು ಕಣ್ರೀ, ಗೊತ್ತು," ಎಂದು ಇಟ್ಟರು. ಕೊನೆಗೂ ಸಿಕ್ಕಿತು. ಯಾವುದೋ ಪುಟದ ಬುಡದಲ್ಲಿ, ಇರುವೆಯಷ್ಟು ಸಣ್ಣ ಗುರುತು. ತೆಗೆದಳು. ತೆಗೆದದ್ದು ನಿಜವೇ ಎಂದು ಪುಟ ಮುಚ್ಚಿ ಮತ್ತೆ ತೆರೆದು ನೋಡಿದಳು.

ಆಮೇಲೆ ಆ ಪ್ರಶ್ನೆಯ ಮುಂದೆ ಕೂತಳು.

"ಒತ್ತೇ," ಎಂದಳು ಬಾಗಿಲಮ್ಮ ಮೆಲ್ಲಗೆ.

ಒತ್ತಿದಳು. ಮತ್ತೆ ಪ್ರಯತ್ನಿಸು.

ಪೆಟ್ಟಿಗೆಯ ಗುಂಯ್ ಸದ್ದು ಏರಿತು. ಫ್ಯಾನುಗಳು ಬಿರುಸಾದವು. ಡಿಸ್ಕಿನ ದೀಪ ಎಡೆಬಿಡದೆ ಉರಿಯಿತು. ನೆಲದಲ್ಲಿಟ್ಟ ಹೊರೆಯನ್ನು ಮುದುಕಿ ಒಂದೊಂದೇ ಹಿಡಿ ಎತ್ತಿಕೊಳ್ಳುತ್ತಿದ್ದಳು. ಹಲಗೆ ಕಪ್ಪಾಗಿಯೇ ಇತ್ತು. ಗಡಿಯಾರ ಒಂದು ಐವತ್ತೆರಡರಲ್ಲೇ ಇತ್ತು. ಒಂದು ನಿಮಿಷ. ಎರಡು ನಿಮಿಷ. ಮೂರು ಜನ ಒಂದೇ ಪರದೆಯ ಮುಂದೆ, ಆಸ್ಪತ್ರೆಯ ಹಾಸಿಗೆಯ ಸುತ್ತ ನಿಂತಂತೆ ನಿಂತಿದ್ದರು.

ಗಡಿಯಾರ ಒಂದು ಐವತ್ತಮೂರು ಆಯಿತು.

ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಮುದುಕಿಗೆ ಏನೂ ಗೊತ್ತಿರಲಿಲ್ಲ. ಅವಳ ಪಾಲಿಗೆ ಹೊರಗಿನ್ನೂ ಎರಡು ಗಂಟೆಯಾಗಿರಲಿಲ್ಲ, ಯಾರಿಗೂ ಯಾವ ಅವಸರವೂ ಇರಲಿಲ್ಲ.

ಹುಡುಗಿ ಪಟ್ಟಿ ಕೇಳಿದಳು. ಹಸಿರು ಅಕ್ಷರಗಳು ಒಂದೊಂದಾಗಿ ಮೂಡಿದವು.

ಪಶ್ಚಿಮ: 3.

ಪೂರ್ವ: 1.

ಸಾಹೇಬರು ಕೈಯಲ್ಲಿದ್ದ ಪಾಳಿಯ ಕಾಗದವನ್ನು ನೋಡಿ, ಅದನ್ನು ನಾಲ್ಕಾಗಿ ಮಡಚಿ, ಎಲ್ಲಿಡಬೇಕೆಂದು ತಿಳಿಯದವರಂತೆ ಹಿಡಿದುಕೊಂಡರು.

ಪೂರ್ವದ ಒಂದನ್ನು ಬಿಡಿಸಿ ಕೇಳಿದಾಗ ಮುದುಕಿ ಹೇಳಿದಳು: ಮೇಸ್ತ್ರಿ. ಒಂದು ಮೂವತ್ತೊಂದಕ್ಕೆ ಪೂರ್ವದ ಮೂರನೆಯ ಬಾಯಿಂದ ಇಳಿದದ್ದು.

"ಚಿಕ್ಕಮ್ಮ," ಎಂದಳು ಹುಡುಗಿ.

ಬಾಗಿಲಮ್ಮ ಅವಳ ಹೆಗಲ ಮೇಲೆ ಕೈಯಿಟ್ಟು, ಹೆಗಲನ್ನು ಗಟ್ಟಿಯಾಗಿ ಅದುಮಿದಳು. "ಆಮೇಲೆ ಅಳು. ದೀಪ ಹಾಕಿಸು."

ಕರೆಯುವ ಹೊತ್ತು ಇನ್ನೂ ಆಗಿಲ್ಲವೆಂದು ಮುದುಕಿ ಹೇಳಿದಳು. ಆಗಿಲ್ಲದಿದ್ದರೂ ಕರೆ ಎಂದು ಹುಡುಗಿ ಬರೆದಳು. ಈಗಲೇ? ಎಂದಳು ಮುದುಕಿ. ಈಗಲೇ. ಬಾಗಿಲಮ್ಮ ಮುಂದಿನ ಕೋಣೆಗೆ ಓಡಿ, ತನ್ನ ಹಲಗೆ ನೋಡಿ ಕೂಗಿದಳು: "ಮಿಣುಕ್ತಾ ಇದೆ! ಎರಡೂ ಕಡೆ!"

ಮೂರು ಮೂವತ್ತೊಂಬತ್ತು.

ಈಗ ಕಾಯುವುದಷ್ಟೇ ಉಳಿದಿತ್ತು. ಪಶ್ಚಿಮದ ಮೂವರು ದೂರ ಹೋಗಿರುತ್ತಾರೆ, ಅವರು ಬಾಯಿ ತಲುಪಲು ಅರ್ಧ ಗಂಟೆಗೆ ಕಡಿಮೆಯಿಲ್ಲ ಎಂದು ಬಾಗಿಲಮ್ಮ ಲೆಕ್ಕ ಹಾಕಿದಳು. ಪೂರ್ವದ ಮೂರನೆಯ ಬಾಯಿಯಿಂದ ಒಳಗೆ ಎಷ್ಟು ದೂರ ಹೋಗಿದ್ದಾಳೋ ಮೇಸ್ತ್ರಿ, ಅದರ ಮೇಲೆ. ತಿರುವಿನ ಈಚೆಗಿದ್ದರೆ ಹತ್ತು ನಿಮಿಷ, ಆಚೆಗಿದ್ದರೆ ಇಪ್ಪತ್ತು. ತಿರುವಿನಲ್ಲೇ ಇದ್ದರೆ ದೀಪವೇ ಕಾಣದು. ಕೊನೆಯ ಮಾತನ್ನು ಅವಳು ಹೇಳಬಾರದಿತ್ತು. ಹೇಳಿದ ಮೇಲೆ ಸುಮ್ಮನೆ ಬೀಗದ ಕೈಯನ್ನು ತಿರುವುತ್ತ ನಿಂತಳು.

ಹುಡುಗಿ ಆ ಒಂದನ್ನೇ ನೋಡುತ್ತಿದ್ದಳು. ಪರದೆಯ ಮೇಲೆ ಅಕ್ಕಿಕಾಳಿನಷ್ಟು ಇತ್ತು. ಅದರೊಳಗೆ ಒಂದು ಜೊತೆ ಬೂಟು, ಒಂದು ಸಲಿಕೆ, ಕುತ್ತಿಗೆಗೆ ಸುತ್ತಿದ ಟವಲು, ಮಾತಿಗೊಂದು ನಗು ಎಲ್ಲ ಹಿಡಿದಿದ್ದವು. ಕಾಲಡಿಯ ನೆಲ ಸಣ್ಣಗೆ ನಡುಗುತ್ತಿತ್ತು. ಪೆಟ್ಟಿಗೆಯ ನಡುಕವೆಂದುಕೊಂಡಳು. ಗೋಡೆ ಮುಟ್ಟಿ ನೋಡಿದಳು, ಗೋಡೆಯೂ ನಡುಗುತ್ತಿತ್ತು. ಅದು ಪೆಟ್ಟಿಗೆಯದಲ್ಲ. ಮುಚ್ಚಿದ ಬಾಗಿಲುಗಳ ಆಚೆ ನೀರು ಬಂದು ಒರಗಿತ್ತು.

ಮೂರು ನಲವತ್ತೊಂಬತ್ತಕ್ಕೆ ಜಲಾಶಯದವರು ಮತ್ತೆ ಫೋನು ಮಾಡಿದರು. ಸಾಹೇಬರು ಕೇಳಿ ಇಟ್ಟು ಬಂದು ಕೋಣೆಯ ಬಾಗಿಲಲ್ಲಿ ನಿಂತರು. ಅವರ ಮುಖದ ಬಣ್ಣ ಸುಣ್ಣದ ಗೋಡೆಯದಾಗಿತ್ತು.

"ನಾಲ್ಕು ಅಂದ್ರೆ ನಾಲ್ಕೇ ಅಂತೆ. ಒಂದು ನಿಮಿಷಾನೂ ತಡೆಯಲ್ಲವಂತೆ." ನೆಲ ನೋಡುತ್ತ, "ಪಶ್ಚಿಮ ಮೂರು. ಪೂರ್ವ ಒಂದು," ಎಂದರು. "ಆಗಲೇಬೇಕು ಅಂತ ಬಂದ್ರೆ…"

"ಸಾರ್," ಎಂದಳು ಬಾಗಿಲಮ್ಮ. ದನಿ ಏರಿಸಲಿಲ್ಲ. "ಆ ಲೆಕ್ಕ ಬಾಯಿಂದ ಹೊರಗೆ ಬರಬಾರದು. ಮನಸ್ಸಲ್ಲೂ ಬೇಡ."

ಸಾಹೇಬರು ಕುರ್ಚಿಯೊಂದನ್ನು ಎಳೆದು ಕೂತರು. ಅದು ಕಾಲು ಮುರಿದ ಕುರ್ಚಿ. ಒಂದು ಬದಿಗೆ ವಾಲಿ ಬೀಳುವಂತಾಗಿ ಮತ್ತೆ ಎದ್ದು ನಿಂತರು. ಯಾರೂ ನಗಲಿಲ್ಲ.

ಮೂರು ಐವತ್ತೆರಡು. ಒಂದು ಹಾಗೆಯೇ ಇತ್ತು.

ಮೂರು ಐವತ್ತನಾಲ್ಕು. ಹಾಗೆಯೇ ಇತ್ತು. ಮಧ್ಯಾಹ್ನವೆಲ್ಲ ಒಂದು ನಿಂತ ಗಡಿಯಾರವನ್ನು ಓಡಿಸಲು ಹೆಣಗಿದ್ದ ಹುಡುಗಿಗೆ, ಓಡುವ ಗಡಿಯಾರವನ್ನು ನಿಲ್ಲಿಸುವ ಗುಂಡಿಯೊಂದಿದ್ದರೆ ಎನ್ನಿಸಿತು. ಬಾಗಿಲಮ್ಮ ಮುಂದಿನ ಕೋಣೆಗೆ ಹೋಗಿ, ದೂರದ ಬಾಗಿಲುಗಳನ್ನು ಇಲ್ಲಿಂದಲೇ ಎತ್ತಲೆಂದು ಗೋಡೆಯಲ್ಲಿ ಕೂರಿಸಿದ್ದ ಎರಡು ಬೀಗಗಳ ನಡುವೆ ನಿಂತಳು. ಬೀಗದ ಕೈ ಎರಡಕ್ಕೂ ಸಮ ದೂರದಲ್ಲಿತ್ತು.

ಮೂರು ಐವತ್ತಾರು. ಪರದೆ ಒಮ್ಮೆ ಮಿಟುಕಿತು.

ಪೂರ್ವ: 0.

ಹುಡುಗಿ ಕೂಗಲು ಬಾಯಿ ತೆರೆದು, ಕೂಗಲಿಲ್ಲ. ಎರಡು ಸುಳ್ಳು ಸೊನ್ನೆಗಳ ಮಾತು ತಲೆಯಲ್ಲಿ ಕೂತಿತ್ತು. ಮುದುಕಿ ಎಲ್ಲವನ್ನೂ ಮರೆತು ಹೇಳಿದ ಸೊನ್ನೆಯೋ ಇದು? ಕಣ್ಣನ್ನು ಮೇಲಿನ ಸಾಲಿಗೆ ಒಯ್ದಳು. ಪಶ್ಚಿಮ: 3. ಮೂವರು ಹಾಗೆಯೇ ಇದ್ದರು. ನೆನಪು ಹೋಗಿರಲಿಲ್ಲ. ಆದರೂ ಅಷ್ಟು ಸಾಲದು. ಒಂದು ಕಾರ್ಡು ಕಿಂಡಿಗೆ ತಾಗಿದೆ, ಅಷ್ಟೇ ತಾನೇ ಮುದುಕಿಗೆ ಗೊತ್ತಿರುವುದು?

ಸುರಂಗದ ಬಾಯಿಗಳಿಂದ ಬರುವ, ಗೋಡೆಯ ಮೇಲಿನ ತಂತಿಯ ಫೋನು ಹೊಡೆದುಕೊಂಡಿತು. ಪೂರ್ವ, ಮೂರನೆಯ ಬಾಯಿ.

"ಯಾರೇ ಅದು, ಪುಟ್ಟೀನಾ?" ಏದುಸಿರು, ಅದರ ಹಿಂದೆ ತಗಡಿನ ಗೂಡಿನ ಗುಂಯ್‌ಗಾಟ. "ಇವತ್ತೇನು ನಿಮ್ಮ ಕಚೇರೀಲಿ ಎಲ್ರೂ ನಿದ್ದೆ ಮಾಡಿದ್ರಾ? ಒಂದು ತೂಬಿನ ಬಾಯಿ ಕಟ್ಟಿತ್ತು ಅಂತ ಈ ಕಡೆ ಬಂದೆ. ಕೆರೆದು ಕೆರೆದು ತೋಳು ಬಿದ್ದುಹೋಯ್ತು, ದೀಪಾನೇ ಬರ್ಲಿಲ್ಲ. ಹೊಟ್ಟೆ ಚುರುಗುಟ್ಟಿದ ಮೇಲೆ ನಾನೇ ಹೊರಟೆ. ತಿರುವು ದಾಟಿದ ಮೇಲೆ ನೋಡ್ತೀನಿ, ದೀಪ ಎಲ್ಲ ಹುಚ್ಚು ಹಿಡಿದ ಹಾಗೆ…"

"ಚಿಕ್ಕಮ್ಮ, ಪೂರ್ತಿ ಹೊರಗೆ ಬಂದಿದ್ದೀಯಾ?"

"ಇನ್ನೇನು ಅರ್ಧ ಬರಕ್ಕೆ ಆಗುತ್ತಾ?"

"ನಿನ್ನ ಜೊತೆ ಆ ಕಡೆ ಇನ್ನು ಯಾರಾದ್ರೂ?"

"ಯಾರೂ ಇಲ್ಲ, ನಾನೊಬ್ಬಳೇ. ಯಾಕೇ? ಪುಟ್ಟೀ? ದನಿ ಯಾಕೆ ಹಾಗಿದೆ?"

"ಗೂಡಿಂದ ಆಚೆ ಹೋಗು. ಬೀದಿಗೆ ಹೋಗಿ ನಿಂತ್ಕೋ. ಓಡು."

ತಗಡಿನ ಬಾಗಿಲು ಬಡಿದ ಸದ್ದು, ಬೂಟಿನ ಸದ್ದು. ಫೋನು ತಂತಿಯಲ್ಲಿ ತೂಗುತ್ತ ಉಳಿದಿರಬೇಕು. ಅದರೊಳಗಿಂದ ಬರೀ ಬೀದಿಯ ಸದ್ದು ಬರತೊಡಗಿತು. ಯಾರೋ ಸೈಕಲ್ ಗಂಟೆ ಬಾರಿಸಿದರು.

ಹುಡುಗಿ ಮುಂದಿನ ಕೋಣೆಗೆ ನಡೆದು ಹೋದಳು. ಬಾಗಿಲಮ್ಮನ ಮುಂದೆ ನಿಂತು, ಕೊಟ್ಟ ಮಾತನ್ನು ಎರಡೂ ಕೈಯಲ್ಲಿ ಹಿಡಿದು ತಂದವಳಂತೆ ಹೇಳಿದಳು.

"ಪೂರ್ವ. ಸೊನ್ನೆ."

"ಮುದುಕಿ ಹೇಳಿದ್ದಾ?"

"ಮುದುಕಿ ಹೇಳಿದ್ಲು. ಚಿಕ್ಕಮ್ಮನೂ ಹೇಳಿದ್ಲು."

ಬಾಗಿಲಮ್ಮ ಪೂರ್ವದ ಬೀಗದಲ್ಲಿ ಕೈ ತಿರುವಿದಳು. ಎಲ್ಲೋ ದೂರದಲ್ಲಿ ಕಬ್ಬಿಣ ನರಳಿತು. ನೆಲದ ನಡುಕ ಒಂದು ಸಲ ಏರಿ, ಕಚೇರಿಯ ಅಡಿಯಿಂದ ಹಾದು, ಖಾಲಿ ಸುರಂಗದ ಉದ್ದಕ್ಕೂ ಗುಡುಗುತ್ತ ಹೋಯಿತು.